ಅಪರಾಧಿಯ ಸಹಿ

ಮೂರು ದಿನದಿಂದ ಭಾರ್ಗವ ಪಾರ್ಕಿಗೆ ಹೋಗಿರಲಿಲ್ಲ. ಮೊದಲ ದಿನ ಮಂಡಿನೋವು ಅಂದ, ಎರಡನೆಯ ದಿನ ಕೋರ್ಟಿಗೆ ಬೇಗ ಹೋಗಬೇಕು ಅಂದ, ಮೂರನೆಯ ದಿನ ಹೆಂಡತಿ ಕಾರಣ ಕೇಳಲೇ ಇಲ್ಲ. ಕೇಳದೆ ಇದ್ದದ್ದೇ ಅವನನ್ನು ಹೆಚ್ಚು ಕೆಣಕಿತು. ನಾಲ್ಕನೆಯ ದಿನ ಬೆಳಿಗ್ಗೆ ಅವನು ವರಾಂಡದಲ್ಲಿ ಕೂತು ಷೂ ಕಟ್ಟಿಕೊಳ್ಳುತ್ತಿದ್ದಾಗ ಹಂಸಾ ಅಡಿಗೆಮನೆಯಿಂದಲೇ ಹೇಳಿದಳು: "ಪಾರ್ಕಿಗೆ ತಾನೆ? ಸೀತಮ್ಮ ಅಲ್ಲೇ ಇರ್ತಾರಂತೆ. ನನ್ನ ನೀಲಿ ಮೈಸೂರ್ ಸಿಲ್ಕ್ ಅವರ ಹತ್ರ ಇದೆ, ಕುಚ್ಚಿಗೆ ಕೊಟ್ಟಿದ್ದು. ಇವತ್ತು ಇಸ್ಕೊಂಡು ಬಂದ್ಬಿಡಿ."

"ನೀನೇ ಫೋನ್ ಮಾಡಿ ಕೇಳ್ಬಹುದಲ್ಲ."

"ನಾನು ಹೆಂಗೆ ಕೇಳ್ಲಿ? ಹದಿನೈದು ವರ್ಷದಿಂದ ಕೊಡ್ತಿದೀನಿ ಅವ್ರಿಗೆ. ನಿಮ್ಮ ಕ್ಲಯಂಟ್ ಅಲ್ವಾ, ನೀವೇ ಕೇಳಿ." ಒಗ್ಗರಣೆ ಚಟಪಟ ಸಿಡಿಯಿತು. ಆಮೇಲೆ, "ಅನುಮಾನ ಅಂತಲ್ಲ. ಆದ್ರೂ."

ಆ 'ಆದ್ರೂ' ಅನ್ನುವ ಪದ ಗೇಟು ದಾಟಿದರೂ, ಹೊಂಗೆ ಹೂ ಉದುರಿದ ಫುಟ್‌ಪಾತಿನ ಮೇಲೆ ಇಪ್ಪತ್ತು ಹೆಜ್ಜೆ ನಡೆದರೂ ಅವನ ಜೊತೆಗೇ ಬಂತು. ಏನು ಆದ್ರೂ? ತಿರುಗಿ ಹೋಗಿ ಬಾಗಿಲಲ್ಲಿ ನಿಂತು ಕೂಗಬೇಕು ಅನ್ನಿಸಿತು. ಆದರೆ ಕೂಗಿ ಹೇಳುವುದಾದರೂ ಏನು? ಅವರು ಕದ್ದಿಲ್ಲ ಅಂತಲೇ? ಕದ್ದೆ ಅಂತ ಅವರು ಕೋರ್ಟಿನಲ್ಲಿ ಒಪ್ಪಿಕೊಂಡಾಗ ಪಕ್ಕದಲ್ಲಿ ಕರೀ ಕೋಟು ಹಾಕಿಕೊಂಡು ನಿಂತಿದ್ದವನು ತಾನೇ. ಒಪ್ಪಿಕೊಳ್ಳಿ ಎಂದು ಅದಕ್ಕೆ ಹತ್ತು ನಿಮಿಷ ಮೊದಲು ಕಾರಿಡಾರಿನಲ್ಲಿ ಹೇಳಿದವನೂ ತಾನೇ. ಹಂಸಾಗೆ ಸೀರೆಯ ಭಯ ಹುಟ್ಟಿಸಿದವನು ಬೇರೆ ಯಾರೂ ಅಲ್ಲ. ಇಡೀ ಜಯನಗರಕ್ಕೆ ಆ ಹೆಂಗಸು ಕಳ್ಳಿ ಎಂದು ಕಾನೂನುಬದ್ಧವಾಗಿ ಹೇಳುವ ಹಕ್ಕನ್ನು ಅವನು ಆ ಹತ್ತು ನಿಮಿಷದಲ್ಲಿ ದಾನ ಮಾಡಿಬಿಟ್ಟಿದ್ದ.

ಆವತ್ತು ಅವನ ಕೈಯಲ್ಲಿ ಒಂಬತ್ತು ಫೈಲುಗಳಿದ್ದವು. ವಕೀಲರನ್ನು ಇಟ್ಟುಕೊಳ್ಳಲು ಆಗದವರಿಗೆ ಸರ್ಕಾರ ಕೊಡಿಸುವ ಉಚಿತ ವಕೀಲರ ಪಟ್ಟಿಯಲ್ಲಿ ಅವನ ಹೆಸರಿತ್ತು. ಹೋದ ವರ್ಷ ಅತಿ ಹೆಚ್ಚು ಪ್ರಕರಣ ಮುಗಿಸಿದ್ದಕ್ಕೆ ಒಂದು ಪ್ರಶಸ್ತಿಪತ್ರವೂ ಬಂದಿತ್ತು. ಸೀತಮ್ಮನ ಫೈಲು ಐದನೆಯದೋ ಆರನೆಯದೋ. ಐವತ್ತೆಂಟು ವರ್ಷ, ವಿಧವೆ, ತಿಲಕ್ ನಗರದ ಕಡೆ ಮಹಡಿ ಮೇಲಿನ ಎರಡು ರೂಮು, ಸೀರೆಗಳಿಗೆ ಫಾಲ್ಸ್ ಹೊಲಿದು ಸೆರಗಿಗೆ ಕುಚ್ಚು ಕಟ್ಟುವ ಕೆಲಸ. ನಾಲ್ಕನೇ ಬ್ಲಾಕಿನ ಒಂದು ಸೀರೆ ಅಂಗಡಿಯವರು ಕಂತೆ ಕಂತೆಯಾಗಿ ಕೆಲಸ ಕೊಡುತ್ತಿದ್ದರು. ಅಂಗಡಿಯ ಯಜಮಾನ ದೀಪಕ್ ಅನ್ನುವ ಹುಡುಗ, ಅವನ ತಾತ ಸಾರಕ್ಕಿಯಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಕಟ್ಟಡ. ಒಂದು ರೇಷ್ಮೆ ಸೀರೆ, ಅಂಗಡಿಯ ಕಂಪ್ಯೂಟರಿನ ಪ್ರಕಾರ, ಅಂಗಡಿಯಲ್ಲೇ ಇರಬೇಕಿತ್ತು, ಇರಲಿಲ್ಲ. ಪೊಲೀಸರು ಸೀತಮ್ಮನ ಮನೆಗೆ ಹೋಗಿ ನೋಡಿದರೆ ಅಲ್ಲಿತ್ತು. ಬೆಲೆ ಐದು ಸಾವಿರಕ್ಕೆ ಕಡಿಮೆ. ಅಷ್ಟು ಓದಿದೊಡನೆ ಭಾರ್ಗವನ ಮನಸ್ಸು ತಾನಾಗಿಯೇ ಮುಂದಕ್ಕೆ ಓಡಿತ್ತು: ಐದು ಸಾವಿರದ ಒಳಗೆ, ಮಾಲು ವಾಪಸ್ಸು, ಮೊದಲ ಸಲ. ಹೊಸ ಕಾನೂನಿನಲ್ಲಿ ಇಂಥವರಿಗೆ ಜೈಲಿಲ್ಲ. ಸಮುದಾಯ ಸೇವೆ. ತಪ್ಪು ಒಪ್ಪಿಕೊಂಡರೆ ಆವತ್ತೇ ಮುಕ್ತಾಯ.

"ನಾನು ತಗೊಂಡಿಲ್ಲ ಸಾರ್," ಅಂದಿದ್ದರು ಆಕೆ. ಒಂದು ಸಲ ಅಲ್ಲ, ಮೂರು ಸಲ. ಅವನು ವಾಚು ನೋಡಿಕೊಂಡಿದ್ದ. "ನೋಡಿ ಅಮ್ಮ, ತಗೊಂಡಿಲ್ಲ ಅಂದ್ರೆ ಕೇಸು ನಡೆಯುತ್ತೆ. ಎರಡು ವರ್ಷ, ಮೂರು ವರ್ಷ, ತಿಂಗಳಿಗೊಂದು ಸಲ ಇಲ್ಲಿ ಬಂದು ಇದೇ ಕಂಬದ ಹತ್ರ ನಿಂತ್ಕೋಬೇಕು. ತಗೊಂಡೆ ಅಂದ್ರೆ ಹದಿನೈದು ದಿನ, ಬೆಳಿಗ್ಗೆ ಎರಡೆರಡು ಗಂಟೆ ಯಾವುದಾದ್ರೂ ಪಾರ್ಕಲ್ಲಿ ಕಸ ಗುಡಿಸೋದು. ಯಾವುದು ವಾಸಿ, ನೀವೇ ಹೇಳಿ." ಆಕೆ ಅವನ ಮುಖವನ್ನೇ ನೋಡುತ್ತಿದ್ದರು, ಡಾಕ್ಟರ ಮುಖ ನೋಡುವ ಹಾಗೆ. ಆ ನೋಟವನ್ನು ಅವನು ಒಪ್ಪಿಗೆ ಎಂದುಕೊಂಡ. ಎಂದುಕೊಳ್ಳುವುದು ಸುಲಭವಾಗಿತ್ತು.

ಅದಕ್ಕೂ ಆರು ತಿಂಗಳ ಹಿಂದೆ ಬಡಾವಣೆಯ ನಿವಾಸಿಗಳ ಸಂಘದ ಹಾಲಿನಲ್ಲಿ, ಒಂದು ಭಾನುವಾರ, ಇದೇ ಕಾನೂನಿನ ಬಗ್ಗೆ ಅವನು ಮುಕ್ಕಾಲು ಗಂಟೆ ಮಾತಾಡಿದ್ದ. ಬ್ರಿಟಿಷರದು ದಂಡದ ಕಾನೂನು, ನಮ್ಮದು ನ್ಯಾಯದ ಕಾನೂನು ಎಂದಿದ್ದ. ಚಪ್ಪಾಳೆ ಬಿದ್ದಿತ್ತು, ಬೋಂಡ ಕಾಫಿಯೂ ಇತ್ತು. ಯಾರೋ ಹಿಂದಿನ ಸಾಲಿನಿಂದ, "ಹಂಗಾದ್ರೆ ಸಾರ್, ತಪ್ಪು ಮಾಡದೇ ಇದ್ದೋನಿಗೆ ಇದ್ರಲ್ಲಿ ಏನಿದೆ?" ಎಂದು ಕೇಳಿದಾಗ ಸಭೆ ನಕ್ಕಿತ್ತು. ಅವನೂ ನಕ್ಕಿದ್ದ. ಈಗ ಫುಟ್‌ಪಾತಿನ ಕಲ್ಲು ಎಡವಿ, ಸಾವರಿಸಿಕೊಂಡು, ಆ ನಗುವಿಗಾಗಿ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಕರುಣೆಯ ಬಾಗಿಲು ಇಟ್ಟಿದ್ದಾರೆ ಸರಿ; ಅದಕ್ಕೆ ಬೀಗ ಹಾಕಿ, ಕದ್ದೆ ಅಂದವರಿಗೆ ಮಾತ್ರ ಕೀಲಿಕೈ ಕೊಡುತ್ತಾರೆ. ಕದಿಯದವಳು ಹೊರಗೆ ನಿಂತಿರಲಿ, ಕಂಬದ ಹತ್ತಿರ, ಮೂರು ವರ್ಷ.

ಪಾರ್ಕಿನ ಗೇಟಿನ ಹತ್ತಿರವೇ ಸೀತಮ್ಮ ಕಂಡರು. ಹತ್ತಿ ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು, ರಸ್ತೆ ಅಗೆಯುವವರು ಹಾಕಿಕೊಳ್ಳುವಂಥದ್ದು, ಅವರ ಅಳತೆಗೆ ಎರಡು ಪಟ್ಟು ದೊಡ್ಡದು. ಪೊರಕೆ ಗಿಡಕ್ಕೆ ಒರಗಿತ್ತು. ಅವರು ಗುಡಿಸುತ್ತಿರಲಿಲ್ಲ. ಕಲ್ಲುಬೆಂಚಿನ ಮೇಲೆ ಒಂದು ದೊಡ್ಡ ಬಟ್ಟೆ ಬ್ಯಾಗು ಇಟ್ಟುಕೊಂಡು ಅದರಿಂದ ಪ್ಲಾಸ್ಟಿಕ್ ಕವರುಗಳನ್ನು ಒಂದೊಂದಾಗಿ ತೆಗೆದು ಎದುರಿಗೆ ನಿಂತ ಹೆಂಗಸರಿಗೆ ಕೊಡುತ್ತಿದ್ದರು. ವಾಕಿಂಗ್ ಷೂ, ಸಲ್ವಾರು ಹಾಕಿಕೊಂಡ ನಾಲ್ಕೈದು ಜನ. ಯಾರೂ ಅವರ ಕಣ್ಣು ನೋಡುತ್ತಿರಲಿಲ್ಲ. ಒಬ್ಬಾಕೆ ಕವರಿನ ಒಳಗೆ ಕೈ ಹಾಕಿ ಸೀರೆಯ ಒಂದು ತುದಿ ಎಳೆದು, ಅಂಚು ನೋಡಿ, ತನ್ನದೇ ಎಂದು ಖಾತ್ರಿ ಮಾಡಿಕೊಂಡು, "ಅರ್ಧ ಆಗಿದ್ರೂ ಪರವಾಗಿಲ್ಲ ಸೀತಮ್ಮ, ಅರ್ಜೆಂಟ್ ಇದೆ, ಅದಕ್ಕೇ," ಎಂದರು. ಏನು ಅರ್ಜೆಂಟು ಎಂದು ಸೀತಮ್ಮ ಕೇಳಲಿಲ್ಲ. ಭಾರ್ಗವನಿಗೆ ಅಲ್ಲಿಂದಲೇ ತಿರುಗಿ ಹೋಗಬೇಕು ಅನ್ನಿಸಿತು. ಆದರೆ ಅವರು ಆಗಲೇ ಅವನನ್ನು ನೋಡಿದ್ದರು, ಬ್ಯಾಗಿನ ತಳದಿಂದ ಒಂದು ಕವರು ತೆಗೆದಿದ್ದರು.

"ಹಂಸಾ ಮೇಡಂದು. ನೀವು ಬರ್ತೀರಾ ಅಂತ ಗೊತ್ತಿತ್ತು ಸಾರ್. ಪೂರ್ತಿ ಆಗಿದೆ."

ಅವನು ಏನೋ ಹೇಳಲು ಹೋದ. ಬಾಯಿಂದ ಹೊರಟದ್ದು "ಥ್ಯಾಂಕ್ಸ್". ಕವರು ಇಸಿದುಕೊಂಡ ಕೈ ತನ್ನದೇ ಎಂಬುದು ನಂಬಲಾಗದಷ್ಟು ಅಸಹ್ಯವಾಯಿತು. ಒಳಗೆ ನೀಲಿ ಸೆರಗಿನ ತುದಿಗೆ ತಾಮ್ರದ ಬಣ್ಣದ ಸಣ್ಣ ಸಣ್ಣ ಗಂಟುಗಳು, ಒಂದೊಂದೂ ಅಕ್ಕಿಕಾಳಿನಷ್ಟು. ಈ ಪಾರ್ಕಿನಲ್ಲಿ ದಿನಾ ನಡೆಯುವ ಹೆಂಗಸರ ಬೀರುಗಳನ್ನೆಲ್ಲ ತೆಗೆದು ಸೆರಗುಗಳನ್ನು ಸಾಲಾಗಿ ಜೋಡಿಸಿದರೆ ಈಕೆಯ ಹದಿನೈದು ವರ್ಷ ಅಲ್ಲಿ ನೇತಾಡುತ್ತಿರುತ್ತದೆ.

"ಬನ್ನಿ ಬನ್ನಿ ಲಾಯರ್ ಸಾಹೇಬ್ರು!" ರಾಮಪ್ರಸಾದರ ಧ್ವನಿ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಸಂಘದ ಅಧ್ಯಕ್ಷರಾದವರು. ಸಮುದಾಯ ಸೇವೆಯ ಮೇಲ್ವಿಚಾರಣೆಯನ್ನು ಕೋರ್ಟು ಇವರ ಸಂಘಕ್ಕೆ ವಹಿಸಿತ್ತು. ಯಾವ ನಿಯಮದ ಪ್ರಕಾರ ಎಂದು ಭಾರ್ಗವ ಆವತ್ತು ಕೇಳಿರಲಿಲ್ಲ. ನಿಯಮವೇ ಇರಲಿಲ್ಲ. ಕಾಯಿದೆಯಲ್ಲಿ ಸಮುದಾಯ ಸೇವೆ ಎಂಬ ಪದವಿತ್ತು, ಸಮಾಜಕ್ಕೆ ಉಪಯೋಗವಾಗುವ ಕೆಲಸ ಎಂಬ ಒಂದು ಸಾಲಿನ ವಿವರಣೆಯಿತ್ತು. ಉಳಿದದ್ದನ್ನು ಯಾರ್ಯಾರು ಹೇಗೆ ಬೇಕಾದರೂ ತುಂಬಿಕೊಳ್ಳಬಹುದಿತ್ತು. ರಾಮಪ್ರಸಾದರು ಕಿತ್ತಳೆ ಜಾಕೆಟ್ಟಿನಿಂದ ತುಂಬಿದ್ದರು. ದಿನಾ ಒಂದು ಫೋಟೋದಿಂದ ತುಂಬಿದ್ದರು, ಅದರ ಮೂಲೆಯಲ್ಲಿ ಜಾಗ ಮತ್ತು ಸಮಯ ತಾನಾಗಿಯೇ ಬೀಳುತ್ತಿತ್ತು. ಆ ಫೋಟೋ ಕೋರ್ಟಿಗೆ ಹೋಗುವ ಮೊದಲು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹೋಗುತ್ತಿತ್ತು. "ನೀವು ಆವತ್ತು ಹೇಳಿದ್ದು ಎಷ್ಟು ಸತ್ಯ ನೋಡಿ. ಜೈಲಿಗೆ ಹಾಕಿದ್ರೆ ಏನು ಬಂತು? ಇಲ್ಲಿ ಪಾರ್ಕೂ ಕ್ಲೀನ್, ಮನಸ್ಸೂ ಕ್ಲೀನ್," ಎಂದು ತಾವೇ ನಕ್ಕು, ಕಂಕುಳಿನಿಂದ ದಪ್ಪ ರಟ್ಟಿನ ಹೊಸ ರಿಜಿಸ್ಟರು ತೆಗೆದು ಬೆಂಚಿನ ಮೇಲಿಟ್ಟರು. "ಮೂರು ದಿನ ನೋಟ್‌ಬುಕ್ಕಲ್ಲಿ ಬರೆಸಿದ್ದೆ. ಸರಿ ಕಾಣ್ಲಿಲ್ಲ. ಪ್ರಿಂಟ್ ಮಾಡಿಸ್ದೆ. ಬನ್ನಿ ಅಮ್ಮಾ, ಸೈನ್ ಹಾಕಿ."

ಸೀತಮ್ಮ ಕನ್ನಡಕ ಹಾಕಿಕೊಂಡರು. ತಲೆಬರಹಗಳನ್ನು ಒಂದೊಂದಾಗಿ, ಬೆರಳಿಟ್ಟು, ಮೆಲ್ಲಗೆ ಓದಿದರು. ದಿನಾಂಕ. ಬಂದ ವೇಳೆ. ಹೋದ ವೇಳೆ. ಮಾಡಿದ ಕೆಲಸ. ಬೆರಳು ಐದನೆಯದರ ಮೇಲೆ ನಿಂತಿತು.

"ಅಪರಾಧಿಯ ಸಹಿ," ಎಂದು ಓದಿ ತಲೆಯೆತ್ತಿದರು. "ಇದು ಯಾರು?"

"ಅದು ಫಾರ್ಮ್ಯಾಟ್ ಅಮ್ಮ. ಸುಮ್ನೆ ಹಾಕಿ."

"ನಾನು ಹಾಕಲ್ಲ."

"ಹಾಕಲ್ಲ ಅಂದ್ರೆ? ಮೂರು ದಿನ ಹಾಕಿದ್ರಲ್ಲ?"

"ಅದ್ರಲ್ಲಿ ಸೀತಮ್ಮ ಅಂತ ಇತ್ತು. ಗುಡಿಸ್ತೀನಿ. ಕಕ್ಕಸ್ಸು ಬೇಕಾದ್ರೂ ತೊಳೀತೀನಿ, ಕೆಲಸಕ್ಕೇನು ನಾಚಿಕೆ. ಈ ಪದದ ಕೆಳಗೆ ನನ್ನ ಹೆಸರು ಬರೆಯಲ್ಲ."

ರಾಮಪ್ರಸಾದರ ಮುಖ ಕೆಂಪಾಯಿತು. ಸಹಿ ಇಲ್ಲದಿದ್ದರೆ ಗೈರುಹಾಜರಿ ಎಂದು ಬರೆಯಬೇಕಾಗುತ್ತದೆ, ಕೋರ್ಟಿಗೆ ಈಗಲೇ ಮೆಸೇಜು ಹೋಗುತ್ತದೆ, ಆಮೇಲೆ ತಮ್ಮನ್ನು ಕೇಳಬಾರದು ಎಂದು ಆಕೆಗೂ ಭಾರ್ಗವನಿಗೂ ಸೇರಿಸಿ ಹೇಳಿದರು. "ಸ್ವಲ್ಪ ಎಕ್ಸ್‌ಪ್ಲೈನ್ ಮಾಡಿ ಸಾರ್ ನೀವು. ನಾವು ಪಾಪ ಅಂತ ಒಳ್ಳೇದು ಮಾಡೋಕೆ ಹೋದ್ರೆ." ಆ ಪಾಪ ಎಂಬ ಪದಕ್ಕೆ ಭಾರ್ಗವನ ಕಿವಿಯ ಹಿಂದೆ ಏನೋ ಸಿಡಿದ ಹಾಗಾಯಿತು. ರಿಜಿಸ್ಟರನ್ನು ಎತ್ತಿ ಕಾರಂಜಿಯ ಪಾಚಿ ನೀರಿಗೆ ಎಸೆಯುವ ತನ್ನನ್ನು ಅವನು ಸ್ಪಷ್ಟವಾಗಿ ಕಂಡ. ಎಸೆಯಲಿಲ್ಲ. "ಒಂದ್ನಿಮಿಷ," ಎಂದು, ಸೀತಮ್ಮನನ್ನು ಗಿಡದ ಆಚೆಗೆ ಕರೆದುಕೊಂಡು ಹೋಗಿ, ಕಾರಿಡಾರಿನ ಅದೇ ತಗ್ಗಿದ ಧ್ವನಿಯಲ್ಲಿ ಶುರು ಮಾಡಿದ: ಇವತ್ತು ಬಿಟ್ಟರೆ ಹನ್ನೊಂದು ದಿನ ತಾನೆ ಉಳಿದಿರುವುದು, ಆರ್ಡರಿನಲ್ಲಿ ತಪ್ಪಿದರೆ ಸಜೆ ಎಂದು ಬರೆದಿದೆ, ಒಂದು ಪದಕ್ಕೋಸ್ಕರ...

"ಸಾರ್," ಎಂದು ಅವರು ತಡೆದರು. "ನಾನು ತಗೊಂಡಿಲ್ಲ ಅಂತ ನಿಮಗೆ ಹೇಳಿದ್ನಲ್ಲ ಆವತ್ತು. ನೀವು ನಂಬಿದ್ರಾ, ಇಲ್ವಾ?"

ನಂಬಿದ್ದೆ ಎಂದರೆ ಸುಳ್ಳು. ನಂಬಿರಲಿಲ್ಲ ಎಂದರೂ ಸುಳ್ಳೇ. ಆ ಪ್ರಶ್ನೆ ಅವನ ತಲೆಗೆ ಬಂದೇ ಇರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ವಕೀಲಿ ಸನ್ನದು ತೆಗೆದುಕೊಂಡ ಹೊಸದರಲ್ಲಿ, ಕಳ್ಳತನದ ಆರೋಪ ಹೊತ್ತ ಒಬ್ಬ ಸಿದ್ದಾಪುರದ ಗಾರೆಯವನಿಗಾಗಿ ಅವನು ಮೂರು ಸಾಕ್ಷಿಗಳನ್ನು ಪಾಟೀಸವಾಲಿನಲ್ಲಿ ಕೆಡವಿದ್ದ. ತೀರ್ಪು ಬಂದ ದಿನ ಆ ಮನುಷ್ಯ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತಿದ್ದ. ರುಜುವಾತು ಮಾಡಿ ಎಂದು ಸರ್ಕಾರವನ್ನು ಕೇಳುವುದು ಎಷ್ಟು ದೊಡ್ಡ ಮಾತು ಎಂದು ಆಗ ಎದೆ ಉಬ್ಬಿತ್ತು. ಆ ಎದೆ ಯಾವಾಗ ಇಳಿಯಿತು? ಒಂದೇ ದಿನ ಇಳಿದಿದ್ದರೆ ಗೊತ್ತಾಗುತ್ತಿತ್ತು.

"ಕದ್ದ ಸೀರೆಗೆ ಯಾರಾದ್ರೂ ಕುಚ್ಚು ಕಟ್ತಾರಾ ಸಾರ್?" ಸೀತಮ್ಮ ಕೇಳುತ್ತಿದ್ದರು. "ಕಂತೆಯಲ್ಲಿ ಬಂದಿತ್ತು. ಎಲ್ಲಾ ಸೀರೆಗೂ ಅಂಗಡಿಯವ್ರು ಬಣ್ಣ ಬರೆದು ಚೀಟಿ ಪಿನ್ ಮಾಡಿರ್ತಾರೆ, ಅದಕ್ಕೂ ಮಾಡಿದ್ರು. ಗಿಳಿಹಸಿರು, ಅರಿಶಿನ. ಬರೆದ ಹಾಗೇ ಕಟ್ಟಿದೀನಿ. ಪೊಲೀಸ್ನೋರು ತಗೊಂಡು ಹೋಗೋವಾಗ ಮುಗಿದಿತ್ತು. ನೀಟಾಗಿ ಮಡಿಸಿಟ್ಟಿದ್ದೆ."

"ಇದನ್ನ ಆವತ್ತು ನೀವು ಹೇಳ್ಲೇ ಇಲ್ವಲ್ಲ ಅಮ್ಮ."

"ನೀವು ಕೇಳ್ಲಿಲ್ಲ."

ಫೈಲು ಮನೆಯಲ್ಲಿತ್ತು. ಅವನು ಮನೆಗೆ ಹೋದ ರೀತಿ ಅವನಿಗೇ ನೆನಪಿಲ್ಲ. ಹಂಸಾಳ ಕೈಗೆ ಕವರು ಕೊಟ್ಟಿದ್ದೂ ಆಕೆ "ಅಯ್ಯೋ, ಎಷ್ಟು ಚೆನ್ನಾಗಿ ಕಟ್ಟಿದಾರೆ ನೋಡ್ರೀ" ಎಂದದ್ದೂ ಮಾತ್ರ ನೆನಪಿದೆ. ಸೀರೆ ವಶಪಡಿಸಿಕೊಂಡಾಗ ಬರೆದ ಮಹಜರಿನ ಎರಡನೆಯ ಪುಟ, ಮೇಲಿನಿಂದ ಏಳನೆಯ ಸಾಲು. ಪೊಲೀಸರ ವಕ್ರ ಅಕ್ಷರದಲ್ಲಿ, ಅವರಿಗೂ ಅದರ ಅರ್ಥ ಹೊಳೆಯದ ಹಾಗೆ, ಬರೆದೇ ಇತ್ತು: ಸದರಿ ಸೀರೆಯ ಸೆರಗಿಗೆ ಗಿಳಿಹಸಿರು ಮತ್ತು ಅರಿಶಿನ ಬಣ್ಣದ ಕುಚ್ಚು ಕಟ್ಟಿದ್ದು, ಅಂಚಿನಲ್ಲಿ ಅಂಗಡಿಯ ಹೆಸರಿರುವ ಚೀಟಿಯನ್ನು ಪಿನ್ ಮಾಡಲಾಗಿರುತ್ತದೆ. ಅಂಗಡಿಯವನೇ ಕೊಟ್ಟ ಸೀರೆ. ಕಂಪ್ಯೂಟರಿಗೆ ಬರೆಯಲು ಮರೆತದ್ದು ಅಂಗಡಿಯವನು. ಒಂದು ಸಾಲು. ವಿಚಾರಣೆ ಎಂಬುದೊಂದು ನಡೆದಿದ್ದರೆ, ಹೊಸದಾಗಿ ಸನ್ನದು ಪಡೆದವನೂ ಐದು ನಿಮಿಷದಲ್ಲಿ ಈ ಸಾಲನ್ನು ದೀಪಕ್‌ನ ಮುಂದೆ ಹಿಡಿದು ಕೇಸು ಮುಗಿಸುತ್ತಿದ್ದ. ಭಾರ್ಗವ ಮೊದಲ ಪುಟದಲ್ಲೇ ನಿಂತಿದ್ದ, ಬೆಲೆ ಬರೆದ ಕಡೆ. ಫೈಲಿನ ಉಳಿದ ಹಾಳೆಗಳ ಮಡಿಕೆ ಕೂಡ ಬಿಚ್ಚಿರಲಿಲ್ಲ. ಅವನಿಗೆ ಬಂದದ್ದು ಅಳುವಲ್ಲ, ಸಿಟ್ಟು. ಸಂಸತ್ತಿನ ಮೇಲೆ, ಪ್ರಶಸ್ತಿಪತ್ರದ ಮೇಲೆ, ಬೋಂಡದ ಮೇಲೆ, ಓದುವುದೇ ಬೇಡ ಎನ್ನುವ ಹಾಗೆ ಅಷ್ಟು ನುಣ್ಣಗೆ ಮಾಡಿಟ್ಟ ದಾರಿಯ ಮೇಲೆ. ಆದರೆ ಎಲ್ಲಿಗೆ ತಿರುಗಿಸಿದರೂ ಆ ಸಿಟ್ಟು ಸುತ್ತು ಹೊಡೆದು ಬಂದು ಆ ಬಿಚ್ಚದ ಮಡಿಕೆಯ ಮೇಲೇ ಕೂರುತ್ತಿತ್ತು.

ಹನ್ನೊಂದು ಗಂಟೆಗೆ ಸೀತಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಕೋರ್ಟಿಗೆ ಹೋದ. ಮಡಿಲಲ್ಲಿ ಇಟ್ಟುಕೊಂಡೇ ಅರ್ಜಿ ಬರೆದ. ಸೌತ್ ಎಂಡ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಅಕ್ಷರಗಳು ಕುಣಿದವು. ತಪ್ಪೊಪ್ಪಿಗೆಯ ಮೇಲೆ ಶಿಕ್ಷೆಯಾದವರಿಗೆ ಅಪೀಲಿಲ್ಲ, ಕೊಟ್ಟ ತೀರ್ಪನ್ನು ಕೊಟ್ಟ ಕೋರ್ಟೇ ತಿದ್ದುವ ಹಾಗಿಲ್ಲ, ಎರಡೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬರೆದ. ಲಾಲ್‌ಬಾಗ್ ದಾಟುವಾಗ ಪಕ್ಕದಲ್ಲಿ ಕೂತ ಸೀತಮ್ಮ ಅಂದರು: "ನಮ್ಮೆಜಮಾನ್ರು ಇದ್ದಿದ್ರೆ ಆವತ್ತೇ ಬೇಡ ಅಂತಿದ್ರು. ನಂಗೆ ಧೈರ್ಯ ಸಾಲ್ಲಿಲ್ಲ." ಧೈರ್ಯ ಸಾಲದೆ ಇದ್ದದ್ದು ತನಗೆ ಎಂದುಕೊಂಡು ಭಾರ್ಗವ ಪೆನ್ನಿನ ಮುಚ್ಚಳ ಹಾಕಿದ.

ಮ್ಯಾಜಿಸ್ಟ್ರೇಟರು ಮೂವತ್ತೈದರ ಹೆಣ್ಣುಮಗಳು. ಆ ದಿನದ ಪಟ್ಟಿಯಲ್ಲಿ ನೂರ ನಲವತ್ತು ಕೇಸುಗಳಿದ್ದವು. ಕಣ್ಣಿನ ಕೆಳಗೆ ಕಪ್ಪು. ರಾಮಪ್ರಸಾದರ ವರದಿ ಆಗಲೇ ತಲುಪಿತ್ತು. ಅರ್ಜಿಯನ್ನು ಓದಿ, ಪಕ್ಕಕ್ಕಿಟ್ಟು, ಮೊದಲು ಸೀತಮ್ಮನೊಡನೆ ಮಾತಾಡಿದರು. ಧ್ವನಿಯಲ್ಲಿ ಕೆಟ್ಟತನವಿರಲಿಲ್ಲ.

"ಆ ಪದ ಬೇಜಾರಾಯ್ತಾ ಅಮ್ಮ? ತೆಗೆಸ್ತೀನಿ. ಬರೀ ಸಹಿ ಅಂತ ಹಾಕ್ಸೋಣ. ಉಳಿದ ದಿನ ಮುಗಿಸಿಬಿಡಿ."

"ರಿಜಿಸ್ಟರಲ್ಲಿ ತೆಗೆಸ್ತೀರಿ ತಾಯಿ," ಎಂದರು ಸೀತಮ್ಮ. "ನಿಮ್ಮ ಪುಸ್ತಕದಲ್ಲಿ?"

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. "ನನ್ನ ಪುಸ್ತಕದಲ್ಲಿ ನೀವು ಹೇಳಿದ್ದನ್ನೇ ಬರೆದಿದೀನಿ. ನಾನಾಗಿ ಬರೆದಿದ್ದಲ್ಲ."

ಭಾರ್ಗವ ಎದ್ದ. ಮಹಜರಿನ ಏಳನೆಯ ಸಾಲನ್ನು ಓದಿದ. ಕುಚ್ಚು, ಚೀಟಿ, ಪಿನ್ನು. ಕದಿಯುವ ಉದ್ದೇಶವೇ ಇರಲಿಲ್ಲ ಎನ್ನುವುದಕ್ಕೆ ಸರ್ಕಾರದ ಫೈಲಿನೊಳಗೇ ಪುರಾವೆಯಿದೆ, ತಪ್ಪೊಪ್ಪಿಗೆ ಮನಃಪೂರ್ವಕವಾಗಿರಲಿಲ್ಲ ಎಂದ. ಸರ್ಕಾರಿ ವಕೀಲರು ಕೂತಲ್ಲಿಂದಲೇ, "ಮನಃಪೂರ್ವಕವೋ ಅಲ್ಲವೋ ರೆಕಾರ್ಡಿಂಗೇ ಇದೆಯಲ್ಲ ಮೇಡಂ," ಎಂದರು. ಆ ಹಾಲಿನಲ್ಲಿ ಕಲಾಪವೆಲ್ಲ ವಿಡಿಯೋ ಆಗುತ್ತಿತ್ತು. ಅದೂ ಹೊಸತು, ಅದನ್ನೂ ಭಾರ್ಗವ ಸಂಘದ ಹಾಲಿನಲ್ಲಿ ಹೊಗಳಿದ್ದ, ಇನ್ನು ಯಾರೂ ಹೇಳಿದ್ದನ್ನು ಹೇಳಿಲ್ಲ ಎನ್ನುವಂತಿಲ್ಲ ಎಂದು. ಬೆಂಚ್ ಕ್ಲರ್ಕ್ ಸೀನು ಆ ದಿನದ ತುಣುಕನ್ನು ಹುಡುಕಿ, ಗೋಡೆಯ ಪರದೆಗೆ ಹಾಕಿದ.

ಪರದೆಯ ಮೇಲೆ ಸೀತಮ್ಮ ಇದೇ ಕಟಕಟೆಯಲ್ಲಿ ನಿಂತಿದ್ದರು, ಇಸ್ತ್ರಿ ಮಾಡಿದ ಸೀರೆಯಲ್ಲಿ. ನಿಮ್ಮ ಮೇಲಿನ ಆರೋಪ ಅರ್ಥ ಆಯ್ತಾ? ತಲೆಯಾಡಿಸಿದರು. ಸೀರೆ ತಗೊಂಡಿದ್ದು ನಿಜವಾ? ಒಂದು, ಎರಡು, ಮೂರು, ನಾಲ್ಕು ಸೆಕೆಂಡು. ಆಮೇಲೆ ಎಡಕ್ಕೆ ತಿರುಗಿದರು, ಕ್ಯಾಮೆರಾಗೆ ಕಾಣದ ಯಾರನ್ನೋ ನೋಡಿದರು. ಪರದೆಯ ಆಚೆಯಿಂದ ಒಂದು ಗಂಡಸಿನ ಧ್ವನಿ, ಅವಸರದ್ದು, ಸಲೀಸಾದದ್ದು, ಅಂಗಡಿಯಲ್ಲಿ ಚಿಲ್ಲರೆ ಕೇಳುವಷ್ಟು ಸಹಜವಾದದ್ದು: "ಹೂಂ ಅನ್ನೀಮ್ಮ, ಮುಗೀತು." ಸೀತಮ್ಮ ಮುಂದಕ್ಕೆ ತಿರುಗಿ, "ಹೂಂ," ಎಂದರು.

ಗಂಡಸಿನ ಆ ಧ್ವನಿಯಲ್ಲಿ ಬೆದರಿಕೆಯಿರಲಿಲ್ಲ, ಮೋಸವಿರಲಿಲ್ಲ. ಇದ್ದಿದ್ದರೆ ಬಹುಶಃ ಸಹಿಸಬಹುದಿತ್ತು. ಒಬ್ಬ ಹೆಂಗಸಿನ ಹೆಸರನ್ನು ಅವಳಿಂದಲೇ ಅಳಿಸಿಹಾಕಿಸುವಾಗ ಆ ಧ್ವನಿ ಮುಂದಿನ ಫೈಲಿನ ಬಗ್ಗೆ ಯೋಚಿಸುತ್ತಿತ್ತು. ಮತ್ತೆ, ಮೇಲೆ ಕೂತ ಹೆಣ್ಣುಮಗಳೂ ಅದನ್ನು ಆವತ್ತು ಕೇಳಿಸಿಕೊಂಡಿದ್ದರು, ಕೇಳಿಸಿಕೊಂಡೇ ಬರೆದುಕೊಂಡಿದ್ದರು.

"ಆ ಧ್ವನಿ ನಂದು," ಎಂದ ಭಾರ್ಗವ. ತನ್ನ ಗಂಟಲು ಇಷ್ಟು ಜೋರಾಗಬಲ್ಲದು ಎಂದು ಅವನು ಮರೆತಿದ್ದ. "ಕದ್ದಿಲ್ಲ ಅಂತ ಅವರು ನನಗೆ ಮೂರು ಸಲ ಹೇಳಿದ್ರು. ನಾನು ಫೈಲು ಓದಿರಲಿಲ್ಲ. ಓದೋ ಅಗತ್ಯ ಇರಲಿಲ್ಲ ಮೇಡಂ, ನಿಮಗೂ ಇರಲಿಲ್ಲ. ಹೂಂ ಅಂದ್ರೆ ಸಾಕಿತ್ತು ನಮ್ಮಿಬ್ರಿಗೂ."

"ಮಿಸ್ಟರ್ ಭಾರ್ಗವ, ಯೋಚನೆ ಮಾಡಿ ಮಾತಾಡಿ. ನಿಮ್ಮ ಸನ್ನದಿನ ಪ್ರಶ್ನೆ ಬರುತ್ತೆ. ಇದೂ ರೆಕಾರ್ಡ್ ಆಗ್ತಿದೆ."

"ಆಗ್ಲಿ ಅಂತಲೇ ಹೇಳ್ತಿರೋದು."

ಮ್ಯಾಜಿಸ್ಟ್ರೇಟರು ಅವನನ್ನು ನೋಡಿದರು. ಸಿಟ್ಟಿಗಿಂತ ಆಯಾಸವೇ ಹೆಚ್ಚಾಗಿ ಕಂಡಿತು, ಆಯಾಸದ ಹಿಂದೆ ಇನ್ನೇನೋ ಇತ್ತು, ಅದು ಬೇಗನೆ ಮುಚ್ಚಿಕೊಂಡಿತು. "ಕೇಳಿದೀನಿ, ಒಪ್ಪಿದಾರೆ. ಕಾನೂನು ನನ್ನಿಂದ ಅಷ್ಟೇ ಕೇಳೋದು. ತಿದ್ದೋ ಅಧಿಕಾರ ನನಗಿಲ್ಲ, ಹೈಕೋರ್ಟಿಗೆ ಹೋಗಿ," ಎಂದರು. ಮತ್ತೆ ಸೀತಮ್ಮನ ಕಡೆ ತಿರುಗಿ, "ಕೊನೇ ಸಲ ಕೇಳ್ತೀನಿ ಅಮ್ಮ. ಉಳಿದ ದಿನ ಮಾಡ್ತೀರೋ ಇಲ್ವೋ?"

"ಕದ್ದವಳು ಅಂತ ಮಾಡಲ್ಲ ತಾಯಿ. ಸುಮ್ನೆ ಗುಡಿಸು ಅಂದ್ರೆ ವರ್ಷ ಪೂರ್ತಿ ಗುಡಿಸ್ತೀನಿ."

ಸ್ಟೆನೋಗ್ರಾಫರರ ಬೆರಳುಗಳು ಕಾಯುತ್ತಿದ್ದವು. ಮ್ಯಾಜಿಸ್ಟ್ರೇಟರು ಕಣ್ಣು ಮುಚ್ಚಿಕೊಂಡು ಹೇಳಿ ಬರೆಸಿದರು: "ವಕೀಲರ ವಾದ ಆಲಿಸಲಾಯಿತು. ತಪ್ಪೊಪ್ಪಿಗೆ ಸ್ವಇಚ್ಛೆಯದೆಂದು ಕಂಡುಬರುತ್ತದೆ. ಅರ್ಜಿ ವಜಾ. ಸೇವೆ ಪೂರೈಸಲು ನಿರಾಕರಿಸಿದ್ದರಿಂದ ಹತ್ತು ದಿನ ಸಾದಾ ಸಜೆ." ಅವನು ಕೂಗಿ ಹೇಳಿದ್ದೆಲ್ಲ 'ವಕೀಲರ ವಾದ' ಎಂಬ ಎರಡು ಪದಗಳೊಳಗೆ ಹೋಗಿ ಕೂತುಬಿಟ್ಟಿತು. ಮುಂದಿನ ಕೇಸಿನ ಹೆಸರು ಕೂಗಿದರು.

ಕಾರಿಡಾರಿನಲ್ಲಿ ಮಹಿಳಾ ಪೇದೆಯ ಪಕ್ಕ ಸೀತಮ್ಮ ನೆಟ್ಟಗೆ ನಿಂತಿದ್ದರು. ಮನೆಯ ಬೀಗದ ಕೈಯನ್ನು ಕೆಳಗಿನ ಮನೆಯವರಿಗೆ ಕೊಡಬೇಕು, ತುಳಸಿಗೆ ನೀರು ಹಾಕಲು ಹೇಳಬೇಕು ಎಂದು ಅವನ ಕೈಗಿಟ್ಟರು. ನಾಳೆ ಬೆಳಿಗ್ಗೆಯೇ ಹೈಕೋರ್ಟಿನಲ್ಲಿ ಅರ್ಜಿ ಹಾಕುತ್ತೇನೆ, ನನ್ನದೇ ಪ್ರಮಾಣಪತ್ರ ಸೇರಿಸುತ್ತೇನೆ, ಒಂದೆರಡು ದಿನದಲ್ಲಿ ಬಿಡಿಸಬಹುದು ಎಂದು ಅವನು ಹೇಳುತ್ತಾ ಹೋದ. ತನ್ನ ತಪ್ಪಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಅದನ್ನು ಆಡಿದರೆ ಕ್ಷಮಿಸುವ ಕೆಲಸವನ್ನೂ ಆಕೆಯ ಮೇಲೇ ಹೇರಿದಂತಾಗುತ್ತದೆ ಅನ್ನಿಸಿ ನುಂಗಿಕೊಂಡ. ಸೀತಮ್ಮ ಅವನ ಮಾತು ಮುಗಿಯುವವರೆಗೂ ಕೇಳಿದರು.

"ಈ ಸಲ ಓದ್ಕೊಂಡು ಬನ್ನಿ ಸಾರ್," ಎಂದರು. ಅಷ್ಟೇ. ಪೇದೆ ಅವರ ಮೊಳಕೈ ಮುಟ್ಟಿದಳು, ಇಬ್ಬರೂ ಮೆಟ್ಟಿಲಿಳಿದರು. ಕೆಳಗಿನ ತಿರುವಿನಲ್ಲಿ ಅವರ ನರೆತ ತುರುಬು ಮರೆಯಾಗುವವರೆಗೂ ಅವನು ಅಲ್ಲಾಡಲಿಲ್ಲ.

ಸೀನು ಒಳಗಿನಿಂದ ಬಂದು ಅವನ ಭುಜ ತಟ್ಟಿದ. "ಹೋಗ್ಲಿ ಬಿಡಿ ಸಾರ್, ಹೆಚ್ಚು ಮನಸ್ಸಿಗೆ ಹಚ್ಕೋಬೇಡಿ. ಇನ್ನೊಂದಿದೆ, ನಿಮಗೇ ಹಾಕಿದಾರೆ. ಊಟದ ಬ್ರೇಕಿಗೆ ಮುಂಚೆ ತಗೋತಾರೆ. ಸೇಮ್ ಕೇಸು. ಒಪ್ಪಿಸ್ಬಿಡಿ." ಕೈಗೆ ಒಂದು ತೆಳು ಫೈಲು ಬಂತು. ಬಿಟಿಎಂ ಲೇಔಟಿನ ಒಂದು ಪಿಜಿ ಹಾಸ್ಟೆಲು, ಅಲ್ಲಿನ ಅಡಿಗೆಯವನು, ಒಂದು ಮೊಬೈಲು, ಐದು ಸಾವಿರದ ಒಳಗೆ. ಹೆಸರು ಹನಮಂತ. ಕಾರಿಡಾರಿನ ತುದಿಯಲ್ಲಿ, ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ಗೋಡೆಗೆ ತಾಗದ ಹಾಗೆ ನಿಂತಿದ್ದ.

ಭಾರ್ಗವ ಹತ್ತಿರ ಹೋಗಿ ಬೆಂಚಿನ ಮೇಲೆ ಕೂತ. ಪಕ್ಕದ ಜಾಗ ತೋರಿಸಿದ. ಹನಮಂತ ಕೂರಲು ಹಿಂಜರಿದು, ಬೆಂಚಿನ ಅಂಚಿನಲ್ಲಿ ಅರ್ಧ ಕೂತ. ಭಾರ್ಗವ ಫೈಲಿನ ಕೊನೆಯ ಪುಟದವರೆಗೂ ಮಡಿಕೆ ಬಿಚ್ಚಿದ.

"ಏನಾಯ್ತು ಅಂತ ಮೊದಲಿಂದ ಹೇಳಿ," ಎಂದ. "ಎಲ್ಲಾ ಹೇಳಿ. ನಾನು ಕೇಳ್ತೀನಿ."

ಹನಮಂತ ಅವನನ್ನು ನೋಡಿದ, ಕೋರ್ಟಿನ ಬಾಗಿಲನ್ನು ನೋಡಿದ, ಮತ್ತೆ ಅವನನ್ನು ನೋಡಿದ.

"ಅಷ್ಟು ಹೊತ್ತು ಬಿಡ್ತಾರಾ ಸಾರ್?"